ಮನವಿ ಪತ್ರ: ಸರ್ಕಾರಿ ಕಡತಗಳು ಒಂದೇ ತಂತ್ರಾಂಶದ ಹಂಗಿನಲ್ಲಿ ಇರದಿರಲಿ

ಇವರಿಗೆ,
ಸರ್ಕಾರದ ಕಾರ್ಯದರ್ಶಿಗಳು,
ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ (ಇ-ಆಡಳಿತ), ಬೆಂಗಳೂರು
ಮೂಲಕ: ಮಾನ್ಯ ಜಿಲ್ಲಾಧಿಕಾರಿಗಳು, ಹಾವೇರಿ

ವಿಷಯ: ಕಚೇರಿ ಮತ್ತು ಶಾಲೆಗಳ ಗಣಕಗಳಲ್ಲಿ ಮುಕ್ತ ಶಿಷ್ಟತೆಗಳ ಬಳಕೆ ಕುರಿತು

ಮಾನ್ಯರೆ,

ಹಾನಗಲ್ಲ, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ನಾಗರಿಕರಾದ ನಾವು, ಮೈಕ್ರೋಸಾಫ್ಟ್ ದೊಡ್ಡದಾಗಿ ಬೆಳೆದಿದೆ ಎಂದು ದೂರುತ್ತಿಲ್ಲ. ಪ್ರಾಬಲ್ಯ ಅಪರಾಧವಲ್ಲ, 2002ರ ಸ್ಪರ್ಧಾ ಕಾಯ್ದೆಯ 4ನೇ ಕಲಮು ತಡೆಯುವುದು ಅದರ ದುರ್ಬಳಕೆಯನ್ನು. ಒಳ್ಳೆಯ ಸರಕಿಗೆ ಗಿರಾಕಿಗಳು ಹೆಚ್ಚುವುದು ಸಹಜ. ಅವರು ಬಿಟ್ಟುಹೋಗುವ ದಾರಿ ಮುಚ್ಚಿದಾಗ ಮಾತ್ರ ಏಕಸ್ವಾಮ್ಯದ ಕೇಡು ಶುರುವಾಗುತ್ತದೆ. 2001ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಆ ಕಂಪನಿಯನ್ನು ಒಡೆಯುವ ಆದೇಶವನ್ನು ರದ್ದುಮಾಡಿತು. ಆದರೆ ಏಕಸ್ವಾಮ್ಯ ಉಳಿಸಿಕೊಳ್ಳಲು ಕಂಪನಿ ಹಿಡಿದ ಹಲವು ದಾರಿಗಳು ಕಾನೂನುಬಾಹಿರ ಎಂಬುದನ್ನು ಎತ್ತಿಹಿಡಿಯಿತು. 2004ರಲ್ಲಿ ಯುರೋಪಿಯನ್ ಆಯೋಗ 49.7 ಕೋಟಿ ಯೂರೋ ದಂಡ ಹಾಕಲು ಒಂದು ಕಾರಣ, ಪ್ರತಿಸ್ಪರ್ಧಿಗಳ ಸರ್ವರ್‌ಗಳು ವಿಂಡೋಸ್ ಜೊತೆ ಹೊಂದಿಕೊಳ್ಳಲು ಬೇಕಾದ ಮಾಹಿತಿಯನ್ನು ತಡೆಹಿಡಿದದ್ದು.

ದಾರಿ ಮುಚ್ಚುವವರು ಮಾರಾಟಗಾರರಷ್ಟೇ ಅಲ್ಲ, ಎಚ್ಚರ ತಪ್ಪಿದ ಖರೀದಿದಾರರೂ ಹೌದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ನಮ್ಮದೇ, ಉಚಿತವೂ ಹೌದು. ಕಚೇರಿಗಳಲ್ಲಿ ಕನ್ನಡ ಬೇರೂರಲು ಅದರ ಉಪಕಾರ ದೊಡ್ಡದು. ಆದರೂ ಅದರ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಡತ, ಆ ಫಾಂಟು ಇಲ್ಲದ ಗಣಕದಲ್ಲಿ ಓದಲು ಬಾರದು. ಅಂದರೆ ಸಿಕ್ಕಿಬೀಳಲು ಹೊರದೇಶದ ಕಂಪನಿಯಾಗಲಿ ದುಬಾರಿ ಬೆಲೆಯಾಗಲಿ ಬೇಕಿಲ್ಲ. ಕಡತದ ಕೀಲಿ ಒಂದೇ ತಂತ್ರಾಂಶದ ಕೈಲಿದ್ದರೆ ಸಾಕು. ಯಂತ್ರಗಳ ವಿಷಯದಲ್ಲೂ ಇದೇ ಕಷ್ಟ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿಪಿಎಂ 2.0 ಎಂಬ ಭದ್ರತಾ ಅಂಗವಿಲ್ಲದ ಹಳೆಯ ಗಣಕಗಳು ವಿಂಡೋಸ್ 11ರ ಅಧಿಕೃತ ಅರ್ಹತೆ ಪಡೆಯುವುದಿಲ್ಲ. ಬೇರೆ ದಾರಿ ಇಟ್ಟುಕೊಳ್ಳದಿದ್ದರೆ, ಕೆಡದ ಯಂತ್ರಗಳೂ ಶಾಲೆಗಳಲ್ಲಿ ಮೂಲೆ ಸೇರುತ್ತವೆ.

ರೂಢಿಯಾದದ್ದನ್ನು ಬಿಡಿಸಿದರೆ ಕೆಲಸ ಕುಂಟುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದಲೇ ನಾವು ಯಾವ ತಂತ್ರಾಂಶದ ನಿಷೇಧವನ್ನೂ ಕೇಳುತ್ತಿಲ್ಲ. ಎಂಎಸ್ ಆಫೀಸಿನಲ್ಲಿಯೂ ಕಡತವನ್ನು ಒಡಿಎಫ್ ಎಂಬ ಮುಕ್ತ ಶಿಷ್ಟತೆಯ ರೂಪದಲ್ಲಿ ಉಳಿಸಬಹುದು. ಮುಕ್ತ ತಂತ್ರಾಂಶವನ್ನು ನಿಭಾಯಿಸುವವರು ಸಿಗುವುದಿಲ್ಲ ಎನ್ನುವವರಿಗೆ, ವರ್ಷಗಳಿಂದ ಅದರಲ್ಲೇ ಪಾಠ ನಡೆಸುತ್ತಿರುವ ಕೇರಳದ ಸರ್ಕಾರಿ ಶಾಲೆಗಳೇ ಉತ್ತರ. ಕೇಂದ್ರ ಸರ್ಕಾರವೂ 2010ರಲ್ಲಿ ಮುಕ್ತ ಶಿಷ್ಟತೆಗಳ ನೀತಿಯನ್ನು, 2015ರಲ್ಲಿ ಮುಕ್ತ ತಂತ್ರಾಂಶ ನೀತಿಯನ್ನು ಪ್ರಕಟಿಸಿದೆ.

ಆದಕಾರಣ ನಮ್ಮ ಬೇಡಿಕೆಗಳು:

1. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಆಶಯದಂತೆ, ಟೆಂಡರುಗಳಲ್ಲಿ ಬ್ರ್ಯಾಂಡಿನ ಹೆಸರಿನ ಬದಲು ಆಗಬೇಕಾದ ಕೆಲಸವನ್ನು ನಮೂದಿಸಬೇಕು.
2. ಹೊಸ ಕಡತಗಳೆಲ್ಲ ಯೂನಿಕೋಡ್ ಅಕ್ಷರ ಸಂಕೇತ ಮತ್ತು ಒಡಿಎಫ್‌ನಲ್ಲಿರಬೇಕು. ಹಳೆಯ ಕಡತಗಳನ್ನು ಹಂತ ಹಂತವಾಗಿ ಪರಿವರ್ತಿಸಬೇಕು.
3. ನಮ್ಮ ನಾಲ್ಕು ತಾಲೂಕುಗಳ ಸರ್ಕಾರಿ ಶಾಲೆಗಳ ಹಳೆಯ ಗಣಕಗಳಿಗೆ ಪ್ರಾಯೋಗಿಕವಾಗಿ ಲಿನಕ್ಸ್ ಮತ್ತು ಲಿಬ್ರೆ ಆಫೀಸ್ ಎಂಬ ಮುಕ್ತ ತಂತ್ರಾಂಶಗಳನ್ನು ಅಳವಡಿಸಿ, ಶಿಕ್ಷಕರಿಗೆ ತರಬೇತಿ ನೀಡಬೇಕು.

ಜನರ ದಾಖಲೆಯನ್ನು ಜನರು ಯಾವ ಗಣಕದಲ್ಲಾದರೂ ತೆರೆಯುವಂತಿರಬೇಕು. ಈ ಬಗ್ಗೆ ಶೀಘ್ರವೇ ಲಿಖಿತ ಆದೇಶ ಹೊರಡಿಸಬೇಕೆಂದು ಕೋರುತ್ತೇವೆ.


ನಾಲ್ಕೂ ತಾಲೂಕುಗಳ ನಾಗರಿಕರು