ಮಕ್ಕಳ ಕಾರ್ಡಿಗೂ ಒಂದು ದರ್ಜೆ

ನಿಮ್ಮ ಮನೆಯಲ್ಲೂ ಇರಬಹುದು ಒಂದು ಬಿಸ್ಕತ್ತಿನ ಡಬ್ಬ. ಅದರ ತುಂಬ ಕ್ರಿಕೆಟ್ ಆಟಗಾರರದೋ ಪೊಕೆಮಾನ್ ಬೊಂಬೆಗಳದೋ ಕಾರ್ಡು. ಹಬ್ಬಕ್ಕೆ ಮನೆ ಗುಡಿಸುವಾಗ ಗುಜರಿಯವನಿಗೆ ಹಾಕಿಬಿಡೋಣ ಅನ್ನಿಸುತ್ತೆ. ಮಗ ಮಾತ್ರ "ಬೇಡಮ್ಮ, ಮುಂದೆ ಬೆಲೆ ಬರುತ್ತೆ" ಅಂತಾನೆ. ಅವನ ಮಾತು ಪೂರ್ತಿ ಸುಳ್ಳಲ್ಲ. ಕಾರ್ಡು ಅಪರೂಪದ್ದಾಗಿದ್ದು, ಸ್ಥಿತಿಯೂ ಚೆನ್ನಾಗಿದ್ದರೆ ಕೊಳ್ಳುವವರಿದ್ದಾರೆ.

ಸ್ಥಿತಿ ನೋಡಿ ದರ್ಜೆ ಹಾಕುವುದು ನಮ್ಮ ಕಡೆ ಹೆಂಗಸರಿಗೆ ಹೊಸದೇನಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯಲ್ಲಿ ಬ್ಯಾರನ್ನಿನಿಂದ ಇಳಿಸಿದ ಹೊಗೆಸೊಪ್ಪನ್ನು ಬಣ್ಣ ನೋಡಿ, ಕಲೆ ನೋಡಿ ವಿಂಗಡಿಸೋದು ನಾವೇ ತಾನೆ? ಕಾರ್ಡಿಗೂ ಬೇಕಾದ್ದು ಅದೇ ಕಣ್ಣು. ಅಮೆರಿಕದಲ್ಲಿ ಪಿ.ಎಸ್.ಎ. ಅನ್ನೋ ಕಂಪನಿ 1991ರಿಂದ ಈ ಕೆಲಸ ಮಾಡ್ತಿದೆ. 1ರಿಂದ 10ರವರೆಗೆ ಅಂಕ ಕೊಟ್ಟು, ಕಾರ್ಡನ್ನು ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿ ಕಳಿಸ್ತಾರೆ.

ಮೊದಲು ನೋಡೋದು ಚಿತ್ರ ಸರಿಯಾಗಿ ನಡುವೆ ಕೂತಿದೆಯೇ ಅಂತ. ಸುತ್ತಲಿನ ಬಿಳಿ ಅಂಚು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಆಗಿದ್ದರೆ ಅಂಕ ಕಡಿಮೆ. ಇದು ಅಚ್ಚಿನಲ್ಲೇ ಆದ ದೋಷ, ಮಗುವಿನ ತಪ್ಪಲ್ಲ. ಆಮೇಲೆ ನಾಲ್ಕು ಮೂಲೆ. ಆಡಿ ಆಡಿ ಮೊದಲು ಸವೆಯೋದೇ ಅವು. ತುದಿ ಮೊಂಡಾಗಿ ಬಿಳಿ ನಾರು ಕಾಣುತ್ತೆ. ಅಂಚಿನಲ್ಲಿ ಬಣ್ಣ ಉದುರಿದೆಯೇ, ಮೈಮೇಲೆ ಗೀರು, ಬೆರಳಿನ ಜಿಡ್ಡು, ಮಡಿಚಿದ ಗೆರೆ ಇದೆಯೇ ಅಂತಲೂ ನೋಡ್ತಾರೆ. ಒಂದು ಸಲ ಮಡಿಚಿದ ಗೆರೆ ಬಿತ್ತೋ, ಉಳಿದದ್ದೆಲ್ಲ ಚೆನ್ನಾಗಿದ್ದರೂ ಅಂಕ ಕೆಳಕ್ಕೇ.

ಹೊಗೆಸೊಪ್ಪಿಗೂ ಕಾರ್ಡಿಗೂ ಇನ್ನೊಂದು ನಂಟಿದೆ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟು ಪ್ಯಾಕಿನಲ್ಲಿ ಬೇಸ್‌ಬಾಲ್ ಆಟಗಾರರ ಕಾರ್ಡು ಇಡ್ತಿತ್ತು. ಅದರಲ್ಲಿ ಹೋನಸ್ ವ್ಯಾಗ್ನರ್ ಅನ್ನುವವನ ಕಾರ್ಡು ಬಹಳ ಅಪರೂಪ. 8 ಅಂಕ ಪಡೆದಿದ್ದ ಒಂದು ಪ್ರತಿ 2007ರಲ್ಲಿ 28 ಲಕ್ಷ ಡಾಲರಿಗೆ ಮಾರಾಟವಾಯಿತು. ಹಿಂದೆ ಅದನ್ನು ಮಾರಿದ್ದ ಬಿಲ್ ಮಾಸ್ಟ್ರೊ ಎಂಬ ವ್ಯಾಪಾರಿ, ಅಂದ ಹೆಚ್ಚಲೆಂದು ಅಂಚು ಕತ್ತರಿಸಿದ್ದೆ ಅಂತ 2013ರಲ್ಲಿ ಒಪ್ಪಿಕೊಂಡ! ಮುದುಡಿ ಸವೆದು ಬರೀ 2 ಅಂಕ ಪಡೆದ ಇನ್ನೊಂದು ಪ್ರತಿ 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯಿತು. ಕತ್ತರಿ ಆಡಿಸದೆ ಹಾಗೇ ಬಿಟ್ಟ ಹಳೆಯದೇ ವಾಸಿ ಅನ್ನಿ.

ನಮ್ಮ ಮೈಸೂರಿನ ಗಂಜೀಫಾ ಎಲೆಗಳ ಲೆಕ್ಕ ಬೇರೆ. ಮುಮ್ಮಡಿ ಕೃಷ್ಣರಾಜ ಒಡೆಯರು ರೂಪಿಸಿದ ಆಟಗಳಲ್ಲಿ ಒಂದಕ್ಕೆ 360 ಎಲೆ ಬೇಕಿತ್ತಂತೆ. ಎಲ್ಲವೂ ಕೈಯಿಂದ ಬರೆದವು. ಅಲ್ಲಿ ಮೂಲೆ ಅಂಚಿಗಿಂತ ಮೊದಲು ಎಲೆಗಳೆಲ್ಲ ಇವೆಯೇ ಅಂತ ಎಣಿಸಬೇಕು.

ಈಗ ಮನೆಯ ಡಬ್ಬದ ವಿಷಯ. ನಮ್ಮ ಕೈ ಸುಮ್ಮನಿರೋಲ್ಲ, ಕೊಳೆ ಕಂಡರೆ ಒರೆಸ್ತೀವಿ. ಕಾರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಇಸ್ತ್ರಿ ಹಾಕಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ರಬ್ಬರ್ ಬ್ಯಾಂಡ್ ಬಿಗಿದರೆ ಅಂಚು ಕಚ್ಚುತ್ತೆ. ಒಂದೊಂದನ್ನೂ ತೆಳು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಅಡುಗೆಮನೆಯಿಂದ ದೂರ, ಬಿಸಿಲು ತಾಗದ ಕಡೆ ಇಡಿ. ಆಷಾಢದ ತೇವಕ್ಕೆ, ಹೊಸ ಚಪ್ಪಲಿ ಡಬ್ಬದಲ್ಲಿ ಬರೋ ತೇವ ಹೀರುವ ಪುಟ್ಟ ಪೊಟ್ಟಣ ಒಳಗೆ ಹಾಕಿ.

ಅಂಕ ಹಾಕಿಸಲು ಕಳಿಸ್ತೀನಿ ಅಂತ ಮಗ ಹಟ ಮಾಡಿದರೆ, ಮೊದಲು ಕಿಟಕಿ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಇಬ್ಬರೂ ಕೂತು ನೋಡಿ. ಅಂಗಡಿಯಲ್ಲಿ ಎಲ್ಲರಿಗೂ ಸಿಗೋ ಕಾರ್ಡಾದರೆ ಕಂಪನಿಯ ಶುಲ್ಕ, ಅಂಚೆ ಖರ್ಚೇ ಕಾರ್ಡಿನ ಬೆಲೆಗಿಂತ ಹೆಚ್ಚಾಗುತ್ತೆ. ಅಂಥದ್ದನ್ನು ಅವನು ಗೆಳೆಯರ ಜೊತೆ ಆಡಿಕೊಳ್ಳಲಿ ಬಿಡಿ.