ಹಿತ್ತಲು ಇದ್ದವರಿಗೆ ಎರಡು ಮಾತು

ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಬಾಲ್ಕನಿ ಹತ್ತಡಿ ಉದ್ದ, ಮೂರಡಿ ಅಗಲ. ಅದರಲ್ಲಿ ಹದಿನಾಲ್ಕು ಪೇಂಟಿನ ಡಬ್ಬಿಗಳು. ಬಸಳೆ, ಹರಿವೆ, ಹೀರೆ, ಒಂದು ಲಿಂಬೆ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಇದೇ ನನ್ನ ಶಾಖೆ. ನಾನೇ ಮ್ಯಾನೇಜರು, ನಾನೇ ಜವಾನ.

ಮಣ್ಣನ್ನೂ ದುಡ್ಡು ಕೊಟ್ಟು ತರಬೇಕಾದ ಊರು ಇದು. ಅಡುಗೆಮನೆಯ ಸಿಪ್ಪೆಗೆ ಒಣಎಲೆ, ಹುಳಿಮಜ್ಜಿಗೆ ಬೆರೆಸಿ ಮುಚ್ಚಿಟ್ಟರೆ ಎರಡು ಮೂರು ತಿಂಗಳಲ್ಲಿ ಗೊಬ್ಬರ. ಹುಳ ಕಂಡರೆ ಬೇವಿನೆಣ್ಣೆ, ಸೋಪಿನ ನೀರು. ನಾಲ್ಕನೇ ಮಾಳಿಗೆಗೆ ಜೇನು ಬರುವುದು ಅಪರೂಪ. ಸಂಜೆ ಹೀರೆಯ ಹೂ ಅರಳಿದಾಗ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ನಾನೇ ಮುಟ್ಟಿಸುತ್ತೇನೆ. "ಈ ಪ್ರಾಯದಲ್ಲಿ ಮದುವೆ ದಲ್ಲಾಳಿ ಕೆಲಸ ಬೇರೆ!" ಎಂದು ಹೆಂಡತಿ ನಗುತ್ತಾಳೆ.

ಲೆಕ್ಕ ಬರೆದಿಡುವುದು ಹಳೇ ಚಾಳಿ. ಕಳೆದ ವರ್ಷ ಖರ್ಚು 3,860 ರೂಪಾಯಿ. ಬೆಳೆದದ್ದರ ಪೇಟೆ ಬೆಲೆ 2,100ರ ಹತ್ತಿರ. ಎಂ.ಕಾಂ. ಓದಿದವನು ಇದನ್ನು ನಷ್ಟ ಎಂದೇ ಬರೆಯಬೇಕು, ಬರೆದಿದ್ದೇನೆ. ಬಾಲ್ಕನಿಯ ಸಾವಯವ ಕೃಷಿ ಬರೀ ಶೋಕಿ, ಒಪ್ಪಿದೆ. ಆದರೆ ನಿಮ್ಮದು?

ಕಳೆದ ಮೇ ತಿಂಗಳಲ್ಲಿ ಉಡುಪಿ ಕಡೆಯ ನಮ್ಮ ಮನೆಗೆ ಹೋಗಿದ್ದೆ. ಈಗ ತಮ್ಮ ಇರುವ ಮನೆ. ಬಾವಿ ತುಂಬ ನೀರು. ತರಗೆಲೆ ಗುಡಿಸಿ ಬೆಂಕಿ ಹಾಕುತ್ತಾರೆ. ಹಿತ್ತಲಿಗೆಲ್ಲ ಇಂಟರ್‌ಲಾಕ್. ಫ್ರಿಜ್ಜಿನಲ್ಲಿ ಮಾತ್ರ "ಆರ್ಗ್ಯಾನಿಕ್" ಚೀಟಿ ಅಂಟಿಸಿದ ಬೆಂಡೆಕಾಯಿ!

"ಆಳು ಸಿಗುವುದಿಲ್ಲ, ಮಂಗ ಬಿಡುವುದಿಲ್ಲ" ಅಂತೀರಿ. ಅಡಿಕೆ ತೋಟಕ್ಕೆ ಆಳು ಬೇಕು ಸರಿ, ನಾಲ್ಕು ಬಸಳೆ ಬುಡಕ್ಕೂ ಆಳು ಬೇಕಾ ಮಾರಾಯ್ರೆ? ಬೆಂಡೆಯನ್ನು ಮಂಗ ತಿನ್ನುತ್ತದೆ, ನಿಜ. ಕೆಸು, ಒಂದೆಲಗ ಯಾಕೆ ಬಿಟ್ಟಿರಿ? ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಕರಾವಳಿ ನಮ್ಮದು. ಅದನ್ನು ಸುಪ್ರೀಂ ಕೋರ್ಟು ನಿಷೇಧಿಸಿದ್ದು 2011ರಲ್ಲಿ. ಆಕಾಶದಿಂದ ಬಿದ್ದ ವಿಷಕ್ಕೆ ನಾವೇನು ಮಾಡುವ ಹಾಗಿರಲಿಲ್ಲ. ಬಟ್ಟಲಿಗೆ ಬೀಳುವುದಕ್ಕೂ ಹಾಗೇ ಹೇಳುವುದೇ? ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಹಂಗಿಸಿದ್ದರು. ನಮಗೀಗ ಹಿತ್ತಲೇ ಬೇಡವಾಗಿದೆ.

ದೂರದಲ್ಲಿ ಕೂತು ಉಪದೇಶ ಮಾಡುವುದು ಸುಲಭ ಎನ್ನುತ್ತೀರಿ. ಹೌದು. ಅಮ್ಮ ಹೋದ ಮರುವರ್ಷ ತಮ್ಮ ಫೋನ್ ಮಾಡಿ, "ಮಳೆಗಾಲದಲ್ಲಿ ಕೆಸರಾಗ್ತದೆ ಅಣ್ಣ, ಇಂಟರ್‌ಲಾಕ್ ಹಾಕಿಸುವನಾ?" ಎಂದ. "ಹಾಕಿಸು, ಅರ್ಧ ದುಡ್ಡು ನನ್ನದು" ಎಂದವನು ನಾನೇ. ಅಮ್ಮ ಬೂದಿ ಬೆರೆಸಿ ಇಡುತ್ತಿದ್ದ ಹರಿವೆ, ಅಲಸಂಡೆ, ಮುಳ್ಳುಸೌತೆಯ ಬೀಜ ಏನಾಯಿತೆಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಪೇಟೆಯ ಹೈಬ್ರಿಡ್ ಬೀಜ ಎತ್ತಿಟ್ಟು ಮತ್ತೆ ಬಿತ್ತಿದರೆ ತಾಯಿಯ ಹಾಗೆ ಬರುವುದಿಲ್ಲ. ವರ್ಷವರ್ಷವೂ ಅಂಗಡಿಗೇ ಹೋಗಬೇಕು. ಆ ಬೀಜದ ನಷ್ಟ ನನ್ನ ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ.

ಅಮ್ಮ ಇದ್ದಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ಮತ್ಸ್ಯಗಂಧ ರೈಲಿನಲ್ಲಿ ತಂದ ಬಸಳೆ ದಂಟು ಒಂದೇ ಉಳಿದದ್ದು. ಅವಳ ಹಿತ್ತಲು ಈಗಿರುವುದು ಡೊಂಬಿವಲಿಯ ಪೇಂಟಿನ ಡಬ್ಬಿಯಲ್ಲಿ.

ಮಳೆ ಹಿಡಿಯುವಾಗ ಊರಿಗೆ ಬರುತ್ತೇನೆ, ದಂಟು ತರುತ್ತೇನೆ. ತಮ್ಮಾ, ನಾಲ್ಕು ಇಂಟರ್‌ಲಾಕ್ ಕಿತ್ತಿಡು. ಓದುವವರೇ, ನೀವೂ.