ಹಂಪೆಯ ಬಜಾರು ಮತ್ತು ಛಾಯಾಚಿತ್ರದ ನಿರ್ಜನತೆ

ವಿರೂಪಾಕ್ಷ ದೇವಾಲಯದ ಮುಂದಣ ರಥಬೀದಿಯನ್ನು ಇಂದು ಛಾಯಾಚಿತ್ರಿಸುವವರು ಬಹುಮಟ್ಟಿಗೆ ಒಂದೇ ನೋಟವನ್ನು ಹೊತ್ತು ತರುತ್ತಾರೆ: ಇಕ್ಕೆಲಗಳಲ್ಲಿ ಬರಿದಾದ ಸಾಲುಮಂಟಪಗಳು, ಕೊನೆಗೆ ಗೋಪುರ. ಈ ನೋಟದ ಪೂರ್ವಜರು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಮೇಣಗಾಗದದ ನೆಗೆಟಿವ್‌ಗಳಲ್ಲಿ ಹಿಡಿದ ಹಂಪೆಯ ಚಿತ್ರಗಳು. ಆ ವಿಧಾನದಲ್ಲಿ ಬಿಂಬ ಮೂಡಲು ನಿಮಿಷಗಳೇ ಬೇಕಾಗುತ್ತಿದ್ದವು. ಕಲ್ಲು ಉಳಿಯುತ್ತಿತ್ತು, ನಡೆದಾಡುವ ಮನುಷ್ಯ ಅಳಿಸಿಹೋಗುತ್ತಿದ್ದ. ತಂತ್ರದ ಈ ಮಿತಿಯೇ ಕ್ರಮೇಣ ಸೌಂದರ್ಯದ ಆದರ್ಶವಾಯಿತು. 1980ರ ದಶಕದಲ್ಲಿ ಜಾನ್ ಗೋಲಿಂಗ್ಸ್ ಅವೇ ನೆಲೆಗಳಿಂದ ಮರಳಿ ಚಿತ್ರಿಸಿದ್ದು ವಾಸ್ತುಶಿಲ್ಪದ ಅಧ್ಯಯನಕ್ಕೆ ದೊಡ್ಡ ಉಪಕಾರ. ಜನವಸತಿಯ ಚರಿತ್ರೆಗೆ ಅಷ್ಟಲ್ಲ.

ಏಕೆಂದರೆ ಆ ಮಂಟಪಗಳಲ್ಲಿ ಸಂಸಾರಗಳಿದ್ದವು. 1986ರಲ್ಲಿ ಹಂಪೆ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಪ್ರವಾಸಿಗರು ಹೆಚ್ಚಿದರು. ವಸತಿಗೃಹಗಳೂ ಉಪಾಹಾರಗೃಹಗಳೂ ಎದ್ದವು, ಕಂಬಗಳ ನಡುವೆ ಗೋಡೆಯೆದ್ದು ಅಂಗಡಿಗಳಾದವು. ಸ್ಮಾರಕಕ್ಕೆ ಧಕ್ಕೆಯಾದದ್ದು ಸುಳ್ಳಲ್ಲ. ಆದರೆ 2011ರ ಜುಲೈಯಲ್ಲಿ ನಡೆದ ತೆರವು ಒತ್ತುವರಿಯ ಜೊತೆಗೆ ಬೀದಿಯ ಬದುಕನ್ನೂ ಗುಡಿಸಿತು. ಪ್ರವಾಸಿಗರಿಗಾಗಿ ಮಾರ್ಪಟ್ಟ ಜನ ಪ್ರವಾಸಿಗರ ನೋಟಕ್ಕಾಗಿಯೇ ಎದ್ದುಹೋಗಬೇಕಾಯಿತು.

ಈ ನಿರ್ಜನತೆ ವಿಜಯನಗರದ್ದೂ ಅಲ್ಲ. 16ನೆಯ ಶತಮಾನದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿ ಕಂಡದ್ದು ಚೆಲುವಾದ ಮನೆಗಳನ್ನು, ಯಾತ್ರಿಕರು ತಂಗುವ ಕೈಸಾಲೆಗಳನ್ನು. ಹಾಗಿರುವಾಗ ಬರಿದು ಬೀದಿಯನ್ನು 'ಮೂಲಸ್ವರೂಪ'ವೆಂದು ಕರೆಯಲು ಆಧಾರವೇನು? ಗತವೈಭವವನ್ನು ಹಾಡುವ ನಮ್ಮ ಬರಹಗಳೂ ಈ ಪ್ರಶ್ನೆಯನ್ನು ಹೆಚ್ಚಾಗಿ ಎತ್ತಿಲ್ಲ. 2011ಕ್ಕೆ ಹಿಂದಿನ ಅಂಗಡಿಬೀದಿಯ ಸಾಮಾನ್ಯ ಚಿತ್ರಗಳು, ಅಂದರೆ ಒಗೆದ ಬಟ್ಟೆ, ನಾಮಫಲಕ, ಜಗಲಿಯ ಮೇಲೆ ಕುಳಿತ ಮುದುಕರು ಇರುವಂಥವು, ಪ್ರವಾಸಿಗರ ಹಳೆಯ ಆಲ್ಬಂಗಳಲ್ಲಿ ಚದುರಿವೆ. ಅವನ್ನು ತಾರೀಖು, ಸ್ಥಳಸಹಿತ ಸಂಗ್ರಹಿಸುವ ಕೆಲಸಕ್ಕೆ ಶಾಸನ ಸಂಪಾದನೆಯಷ್ಟೇ ಶ್ರದ್ಧೆ ಸಲ್ಲಬೇಕು.